ಬಿಸಿಲಿನ ಆಘಾತ ಜ್ವರವಲ್ಲ: ಆವಿಯಾಗುವಿಕೆಯ ಪಾಠದಲ್ಲಿ ಶುಶ್ರೂಷೆ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಕಲಬುರಗಿ ಜಿಲ್ಲೆಯ ಒಂದು ಪ್ರೌಢಶಾಲೆಯ 9ನೆಯ ತರಗತಿ. ಫೆಬ್ರವರಿಯ ಪುನರಾವರ್ತನಾ ಅವಧಿಯಲ್ಲಿ ‘ನಮ್ಮ ಸುತ್ತಲಿನ ದ್ರವ್ಯ’ ಘಟಕದ ‘ಆವಿಯಾಗುವಿಕೆಯಿಂದ ತಂಪು’ ಎಂಬ ಅಂಶವನ್ನು ಹವಾಮಾನ ಬದಲಾವಣೆ ಮತ್ತು ರೋಗಿಯ ಆರೈಕೆಯೊಂದಿಗೆ ಜೋಡಿಸಿ ಬೋಧಿಸಿದೆ.

ಉದ್ದೇಶಗಳು: ವಿದ್ಯಾರ್ಥಿಗಳು
1. ಬೆವರು ದೇಹವನ್ನು ತಂಪಾಗಿಸುವ ಬಗೆಯನ್ನು ವಿವರಿಸುವರು.
2. ಜ್ವರಕ್ಕೂ ಶಾಖಾಘಾತಕ್ಕೂ ಇರುವ ವ್ಯತ್ಯಾಸ ತಿಳಿಯುವರು.
3. ಪ್ರಥಮ ಚಿಕಿತ್ಸೆಯ ಹಂತಗಳನ್ನು ಮಾಡಿ ತೋರಿಸುವರು.

ಪೀಠಿಕೆ: “ಬಿಸಿಲು ಬಡಿದರೆ ಮನೆಯಲ್ಲಿ ಏನು ಮಾಡುತ್ತೀರಿ?” ಎಂದು ಕೇಳಿದೆ. ಒಬ್ಬ ವಿದ್ಯಾರ್ಥಿನಿ ಮರುಪ್ರಶ್ನೆ ಹಾಕಿದಳು: “ಟೀಚರ್, ನಮ್ಮವ್ವ ಉದ್ಯೋಗ ಖಾತ್ರಿ ಕೆಲಸಕ್ಕ ಹೋಗತಾಳ್ರಿ. ಬಿಸಿಲಿಗೆ ಮೈ ಕಾದ್ರ ಜ್ವರದ ಗುಳಿಗಿ ಕೊಡಬಹುದೇನ್ರಿ?” ಉತ್ತರವನ್ನು ತಕ್ಷಣ ಹೇಳದೆ, ಈ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದು ಪಾಠ ಆರಂಭಿಸಿದೆ.

ಚಟುವಟಿಕೆ: ಎರಡು ತಾಪಮಾಪಕಗಳಲ್ಲಿ ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸಿದೆವು. ಅದರ ಅಳತೆ ಇಳಿಯಿತು. ಅದನ್ನೇ ತಳದಲ್ಲಿ ನೀರಿದ್ದ ಬಾಟಲಿಯೊಳಗೆ ಇಳಿಬಿಟ್ಟು ಬಾಯಿ ಮುಚ್ಚಿದಾಗ ಅಳತೆ ಮತ್ತೆ ಏರಿತು. ಗಾಳಿಯಲ್ಲಿ ತೇವಾಂಶ ತುಂಬಿದರೆ ಬೆವರು ಆರುವುದಿಲ್ಲ; ಆದ್ದರಿಂದಲೇ ಮಂಗಳೂರಿನಲ್ಲಿ ಉಷ್ಣತೆ ಕಡಿಮೆಯಿದ್ದರೂ ಸೆಕೆ ಹೆಚ್ಚು ಎಂದು ಮಕ್ಕಳೇ ಹೇಳಿದರು.

ವಿವರಣೆ: ಒಂದು ಗ್ರಾಂ ಬೆವರು ಆವಿಯಾಗುವಾಗ ಚರ್ಮದಿಂದ ಸುಮಾರು 2,400 ಜೂಲ್ ಶಾಖ ಒಯ್ಯುತ್ತದೆ. ಜ್ವರದಲ್ಲಿ ಮಿದುಳೇ ದೇಹದ ಉಷ್ಣತೆಯ ಮಟ್ಟವನ್ನು ಏರಿಸಿರುತ್ತದೆ. ಗುಳಿಗೆ ಆ ಮಟ್ಟವನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಮಟ್ಟ ಏರಿರುವುದಿಲ್ಲ, ತಂಪಾಗಿಸುವ ವ್ಯವಸ್ಥೆಯೇ ಸೋತಿರುತ್ತದೆ. ಹಾಗಾಗಿ ಗುಳಿಗೆ ಕೆಲಸ ಮಾಡದು. ಕಾಯುತ್ತ ಕುಳಿತರೆ ಅಮೂಲ್ಯ ಸಮಯ ಹೋಗುತ್ತದೆ. ವಿದ್ಯಾರ್ಥಿನಿಯ ಪ್ರಶ್ನೆಗೆ ಇದೇ ಉತ್ತರ.

ಶುಶ್ರೂಷೆಯ ದೃಷ್ಟಿ: ಪಾಠ ಯೋಜನೆಯನ್ನು ಮೊದಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ಶುಶ್ರೂಷಾಧಿಕಾರಿಯೊಬ್ಬರಿಗೆ ತೋರಿಸಿದ್ದೆ. “ಬೆವರು ನಿಂತಿದೆಯೋ ಎಂದಷ್ಟೇ ನೋಡಬೇಡಿ, ಮಾತು ತೊದಲುತ್ತಿದೆಯೋ ನೋಡಿ” ಎಂದರು. ದುಡಿಯುತ್ತಲೇ ಕುಸಿದವರ ಮೈಯಲ್ಲಿ ಬೆವರು ಇನ್ನೂ ಇರಬಹುದು. ದೇಹದ ಒಳ ಉಷ್ಣತೆ 40 ಡಿಗ್ರಿ ದಾಟಿ, ಗೊಂದಲ ಅಥವಾ ಪ್ರಜ್ಞೆ ತಪ್ಪುವಿಕೆ ಕಂಡರೆ ಅದು ತುರ್ತು ಸ್ಥಿತಿ. 108ಕ್ಕೆ ಕರೆ ಮಾಡಿ, ನೆರಳಿಗೆ ತಂದು, ಬಿಗಿ ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಬೀಸುತ್ತಿರಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ವೃದ್ಧರು, ಶಿಶುಗಳು, ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರ ಮೇಲೆ ಹೆಚ್ಚು ನಿಗಾ ಬೇಕು.

ಅನ್ವಯ: 1850–1900ರ ಸರಾಸರಿಗಿಂತ 2011–2020ರಲ್ಲಿ ಭೂಮಿ ಸುಮಾರು 1.1 ಡಿಗ್ರಿ ಬಿಸಿಯಾಗಿತ್ತು. ಸರಾಸರಿ ಇಷ್ಟೇ ಏರಿದರೂ ತೀವ್ರ ಬಿಸಿಲಿನ ದಿನಗಳು ಹೆಚ್ಚುತ್ತವೆ. 2010ರ ಬಿಸಿಗಾಳಿಯ ಸಾವುಗಳ ನಂತರ ಅಹಮದಾಬಾದ್ ನಗರ 2013ರಲ್ಲಿ ರೂಪಿಸಿದ ಕ್ರಿಯಾ ಯೋಜನೆಯಲ್ಲಿ ಜನರಿಗೆ ಮುನ್ನೆಚ್ಚರಿಕೆ ನೀಡುವುದರ ಜೊತೆಗೆ ಆರೋಗ್ಯ ಸಿಬ್ಬಂದಿಯ ತರಬೇತಿಯೂ ಸೇರಿತ್ತು.

ಮೌಲ್ಯಮಾಪನ: ಗುಂಪಿನಲ್ಲಿ ಅಭಿನಯ ಮಾಡಿಸಿದೆ. ಮೊದಲ ಗುಂಪು ‘ಪ್ರಜ್ಞೆ ತಪ್ಪಿದವನಿಗೆ’ ನೀರು ಕುಡಿಸಲು ಹೋಯಿತು. ಉಳಿದವರೇ ತಡೆದು ತಿದ್ದಿದರು. ಲಿಖಿತ ಪ್ರಶ್ನೆಗಳಲ್ಲಿ ಈ ತಪ್ಪು ಕಾಣುತ್ತಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ: ಈ ಪಾಠವನ್ನು ಬೇಸಿಗೆ ರಜೆಗೆ ಮುಂಚೆಯೇ ಮಾಡಿ. ಮಕ್ಕಳು ರಜೆಯಲ್ಲಿ ಹೊಲದಲ್ಲಿ, ಕೆಲಸದ ಸ್ಥಳದಲ್ಲಿ ದೊಡ್ಡವರ ಜೊತೆಗಿರುತ್ತಾರೆ. ಆಗ ಅಲ್ಲಿ ಈ ಪಾಠ ಬಲ್ಲವರು ಅವರೊಬ್ಬರೇ ಆಗಿರಬಹುದು.