ಕಣ್ಣಿಗೆ ಇಂಜೆಕ್ಷನ್: ಅರ್ಧಕ್ಕೇ ಬಿಟ್ಟವರ ಕಥೆ

‘ಡಾಕ್ಟ್ರೇ, ಒಂದು ಕಣ್ಣಿಗೆ ಕಿಟಕಿಯ ಸರಳು ಸೊಟ್ಟಗೆ ಕಾಣ್ತದೆ’ ಎಂದು ಎಪ್ಪತ್ತು ದಾಟಿದ ನಿವೃತ್ತ ಮೇಷ್ಟ್ರೊಬ್ಬರು ಹೇಳಿದಾಗ, ಪೊರೆ ಬಂದಿರಬೇಕು, ನಿಧಾನವಾಗಿ ತೋರಿಸಿ ಎಂದುಬಿಟ್ಟೆ. ಒಂದೂವರೆ ತಿಂಗಳಲ್ಲಿ ಆ ಕಣ್ಣಿಗೆ ಎದುರಿಗಿದ್ದವರ ಮುಖವೇ ಕಾಣದಾಯಿತು. ಪೊರೆಯಿಂದ ನೋಟ ಮಂಜಾಗುತ್ತದೆ. ನೇರ ಗೆರೆ ಬಾಗುವುದಿಲ್ಲ. ಇದು ನನಗೆ ಅಂದೇ ಹೊಳೆಯಬೇಕಿತ್ತು.

ಕಣ್ಣಿನ ಹಿಂಭಾಗದ ಅಕ್ಷಿಪಟಲದ ನಟ್ಟನಡುವಿನ ಸಣ್ಣ ಭಾಗವೇ ಮ್ಯಾಕ್ಯುಲಾ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖದ ಗುರುತು ಹಿಡಿಯುವುದು ಇದರಿಂದಲೇ. ವಯಸ್ಸಾದಂತೆ ಕೆಲವರಲ್ಲಿ ಇದು ಸವೆಯುತ್ತದೆ. ‘ಒಣ’ ಬಗೆಯದು ನಿಧಾನ. ‘ಒದ್ದೆ’ ಬಗೆಯಲ್ಲಿ ಅಕ್ಷಿಪಟಲದ ಅಡಿಯಲ್ಲಿ ಹೊಸ ರಕ್ತನಾಳಗಳು ಹುಟ್ಟಿ ಸೋರುತ್ತವೆ. ದೃಷ್ಟಿ ಕೆಡಲು ಕೆಲವು ವಾರ ಸಾಕು. ಆ ನಾಳಗಳನ್ನು ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನನ್ನು ತಡೆಯುವ ಮದ್ದನ್ನು ಕಣ್ಣಿನೊಳಕ್ಕೇ ಚುಚ್ಚುತ್ತಾರೆ.

ಕಣ್ಣಿಗೆ ಸೂಜಿ ಎಂದರೆ ಯಾರಿಗೆ ಭಯವಿಲ್ಲ? ಮೇಷ್ಟ್ರು ಹಿಂದಿನ ರಾತ್ರಿ ನಿದ್ದೆ ಮಾಡಿರಲಿಲ್ಲ. ಆದರೆ ಮರವಾಗಿಸುವ ಹನಿ ಹಾಕಿ, ಅಯೋಡಿನ್ ದ್ರಾವಣದಿಂದ ಶುಚಿ ಮಾಡಿ, ರೆಪ್ಪೆ ಮುಚ್ಚದಂತೆ ಹಿಡಿದು ಬಿಳಿ ಭಾಗದಲ್ಲಿ ಚುಚ್ಚುವುದು ಕ್ಷಣದ ಕೆಲಸ. ಮದ್ದು 0.05 ಮಿಲಿಲೀಟರ್, ಅಂದರೆ ಸುಮಾರು ಒಂದು ಹನಿ. ‘ಸೂಜಿಗಿಂತ ಅಯೋಡಿನ್ ಉರಿಯೇ ಜಾಸ್ತಿ’ ಎಂದರು ಮೇಷ್ಟ್ರು. ಒಂದೆರಡು ದಿನ ಕಪ್ಪು ಚುಕ್ಕೆಗಳು ತೇಲಿದಂತೆ ಕಾಣಬಹುದು. ಬಿಳಿಯಲ್ಲಿ ಕೆಂಪು ಕಲೆ ಕಂಡು ಮನೆಯವರು ಗಾಬರಿಯಾಗುತ್ತಾರೆ. ಅದು ತಾನೇ ಕರಗುತ್ತದೆ. ಆದರೆ ನೋವು ಹೆಚ್ಚುತ್ತಿದ್ದರೆ, ನೋಟ ಕುಂದಿದರೆ ಒಳಗೆ ಸೋಂಕಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಎನ್ನಬಾರದು.

ಮೂರು ಇಂಜೆಕ್ಷನ್ ಆದ ಮೇಲೆ ಮೇಷ್ಟ್ರು ನಿಲ್ಲಿಸಿಬಿಟ್ಟರು. ಪಕ್ಕದ ಮನೆಯವರು ಪೊರೆ ಆಪರೇಷನ್ ಮಾಡಿಸಿಕೊಂಡು ಕೆಲವೇ ದಿನಗಳಲ್ಲಿ ಪೇಪರ್ ಓದುತ್ತಿದ್ದರಂತೆ. ‘ನನಗೆ ಮೊದಲಿನಷ್ಟೇ ಕಾಣ್ತದೆ, ದುಡ್ಡು ದಂಡ’ ಎಂದರು. ಒದ್ದೆ ಮ್ಯಾಕ್ಯುಲಾ ರೋಗದಲ್ಲಿ ಮೊದಲಿನಷ್ಟೇ ಕಾಣುವುದೇ ಲಾಭ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ನಾನೂ ಸಹ. ಕೆಲವರಿಗೆ ನೋಟ ಸುಧಾರಿಸುತ್ತದೆ ನಿಜ. ಆದರೆ ಕಲೆಗಟ್ಟಿ ಹೋದ ಭಾಗ ಮರಳದು. ಮದ್ದಿನ ಪ್ರಭಾವ ಕೆಲವು ವಾರಗಳದ್ದು. ಬಿಟ್ಟರೆ ಮತ್ತೆ ಸೋರುತ್ತದೆ. ಮೇಷ್ಟ್ರಿಗೂ ಹಾಗೇ ಆಯಿತು.

ಖರ್ಚಿನ ಮಾತು ಸುಳ್ಳಲ್ಲ. ಆದರೆ ಕರುಳಿನ ಕ್ಯಾನ್ಸರಿಗೆಂದು ಬಂದ ಬೆವಾಸಿಝುಮ್ಯಾಬ್ ಎಂಬ ಮದ್ದು, ದುಬಾರಿಯಾದ ರಾನಿಬಿಝುಮ್ಯಾಬ್‌ನಷ್ಟೇ ದೃಷ್ಟಿ ಉಳಿಸುತ್ತದೆಂದು 2011ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆ ತೋರಿಸಿತು. ಇದರ ಬೆಲೆ ಬಹಳ ಕಡಿಮೆ. ಸಂಕೋಚವಿಲ್ಲದೆ ಕಣ್ಣಿನ ವೈದ್ಯರನ್ನು ಕೇಳಿ. ಬಿಡುವುದಕ್ಕಿಂತ ಕೇಳುವುದು ಮೇಲು.

ಮೇಷ್ಟ್ರು ಮತ್ತೆ ಶುರು ಮಾಡಿದ್ದಾರೆ. ಆ ಕಣ್ಣಿನಲ್ಲಿ ಓದಲಾಗುವುದಿಲ್ಲ, ಆದರೆ ಮೊಮ್ಮಗಳು ಬಂದರೆ ಗುರುತಾಗುತ್ತದೆ. ಇನ್ನೊಂದು ಕಣ್ಣಿಗೂ ಬರುವ ಸಂಭವವಿರುವುದರಿಂದ, ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು, ಒಂದೊಂದೇ ಕಣ್ಣು ಮುಚ್ಚಿ ಗಣಿತದ ಚೌಕದ ಹಾಳೆಯನ್ನು ನೋಡುತ್ತಾರೆ. ಗೆರೆ ಬಾಗಿದರೆ ಈ ಸಲ ನನ್ನ ಹತ್ತಿರ ಬರುವುದಿಲ್ಲವಂತೆ, ನೇರ ಕಣ್ಣಿನ ಆಸ್ಪತ್ರೆಗೇ ಹೋಗುತ್ತಾರಂತೆ.