ಮುಚ್ಚಿದ ಲ್ಯಾಪ್‌ಟಾಪ್ ಯಾಕೆ ಮಲಗಲಿಲ್ಲ?

ಅಕೌಂಟೆನ್ಸಿ ಸೆಮಿನಾರಿಗೆಂದು ಆಪಾ ಅವರ ಹಳೆಯ ಲ್ಯಾಪ್‌ಟಾಪ್ ತಂದಿದ್ದೆ. ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಮುಚ್ಚಿ, ಬ್ಯಾಗಿಗೆ ಹಾಕಿದ್ದೆ. ಬೆಳಿಗ್ಗೆ ಕೈ ಹಾಕಿದರೆ ಬ್ಯಾಗು ಬಿಸಿ, ಬ್ಯಾಟರಿ ಖಾಲಿ. ಚಾರ್ಜರ್ ಮನೆಯಲ್ಲಿ. ಸ್ಲೈಡ್ ಇಲ್ಲದೆ ಬರೀ ಬಾಯಲ್ಲಿ ಹೇಳಿ ಕೂತೆ, ಅರ್ಧ ಮರೆತೂ ಹೋಯಿತು. ಬ್ಯಾಟರಿ ಹಳೆಯದು ಎಂದು ಎಲ್ಲರೂ ಹೇಳಿದರು. ಕಾರಣ ಅದಲ್ಲ.

ಆ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಅದರ ಕರ್ನಲ್ ತಾನು ಮಾಡಿದ ಎಷ್ಟೋ ಕೆಲಸಗಳನ್ನು ಸಾಲು ಸಾಲಾಗಿ ಬರೆದಿಡುತ್ತದೆ. ಅದರಲ್ಲಿ ಒಂದು ಸಾಲು ಸಿಕ್ಕಿತು: ಒಂದು ಯುಎಸ್‌ಬಿ ಸಾಧನ ಮಲಗಲು ಒಪ್ಪಲಿಲ್ಲ, ಎರರ್ ಮೈನಸ್ 16. ಲಿನಕ್ಸ್‌ನಲ್ಲಿ 16 ಎಂದರೆ 'ಕೆಲಸದಲ್ಲಿದ್ದೇನೆ'. ನಾನು ತೆಗೆಯದೆ ಬಿಟ್ಟಿದ್ದ ನೆಟ್ ಡಾಂಗಲ್ ಅದು.

ಬೆರಳುದ್ದದ ಡಾಂಗಲ್ ಇಡೀ ಲ್ಯಾಪ್‌ಟಾಪನ್ನು ಹೇಗೆ ತಡೆಯಿತು? ಲ್ಯಾಪ್‌ಟಾಪಿನೊಳಗೆ ಸಾಧನಗಳು ಬೇರೆ ಬೇರೆ ಬಸ್‌ಗಳಲ್ಲಿ ಕೂತಿರುತ್ತವೆ. ಬಸ್ ಎಂದರೆ ಸಾಧನವನ್ನು ಪ್ರೊಸೆಸರ್ ಕಡೆಗೆ ಜೋಡಿಸುವ ತಂತಿಗಳು ಮತ್ತು ಆ ತಂತಿಯ ಮೇಲೆ ಮಾತಾಡುವ ನಿಯಮ. ವೈಫೈ ಸಾಮಾನ್ಯವಾಗಿ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ, ಪೆನ್‌ಡ್ರೈವ್ ಯುಎಸ್‌ಬಿಯಲ್ಲಿ, ಎಷ್ಟೋ ಟಚ್‌ಪ್ಯಾಡ್‌ಗಳು ಐ2ಸಿಯಲ್ಲಿ. ಮಲಗುವ ಕ್ರಮ ಒಂದೊಂದರದ್ದು ಒಂದೊಂದು ಬಗೆ. ಪಿಸಿಐನಲ್ಲಿ ಡಿ0ಯಿಂದ ಡಿ3ವರೆಗೆ ಮೆಟ್ಟಿಲುಗಳಿವೆ, ಡಿ3 ಗಾಢ ನಿದ್ದೆ. ಯುಎಸ್‌ಬಿ 2ರಲ್ಲಿ ತಂತಿಯ ಮೇಲೆ 3 ಮಿಲಿಸೆಕೆಂಡು ಏನೂ ಓಡಾಡದಿದ್ದರೆ ಸಾಧನ ತಾನೇ ಮಲಗಬೇಕು. ಐ2ಸಿಗೆ ಅಂಥ ಮೆಟ್ಟಿಲುಗಳೇ ಇಲ್ಲ, ಡ್ರೈವರ್ ಬರೆದವರೇ ನೋಡಿಕೊಳ್ಳಬೇಕು.

ಮೊದಲು ಲಿನಕ್ಸ್‌ನಲ್ಲಿ ಡ್ರೈವರ್‌ಗಳೂ ಬಸ್ಸಿಗೊಂದು ರೀತಿಯಲ್ಲಿ ಬರೆಯಲ್ಪಡುತ್ತಿದ್ದವು. ಪಿಸಿಐ ಡ್ರೈವರಿನ 'ಮಲಗು' ಫಂಕ್ಷನ್ ಒಂದು ಆಕಾರದ್ದು, ಯುಎಸ್‌ಬಿಯದು ಇನ್ನೊಂದು. ಪ್ರತಿ ಶಾಖೆಯೂ ತನಗೆ ತೋಚಿದ ನಮೂನೆಯಲ್ಲಿ ಲೆಕ್ಕ ಬರೆದರೆ ಹೆಡ್ ಆಫೀಸಿನವರ ಗತಿ ಏನು? ಅದೇ ಪಾಡು. 2008ರಲ್ಲಿ ರಾಫೆಲ್ ವಿಸೋಟ್ಸ್ಕಿ ಎಲ್ಲ ಬಸ್‌ಗಳಿಗೂ ಒಂದೇ ನಮೂನೆ ತರುವ ಕೆಲಸ ಶುರು ಮಾಡಿದರು. ಮಲಗು, ಏಳು, ಹೈಬರ್ನೇಟ್‌ಗೆ ಮುಂಚೆ ಸ್ತಬ್ಧವಾಗು, ಆಮೇಲೆ ಹಿಂದಿನ ಸ್ಥಿತಿಗೆ ಬಾ ಎಂದು ಒಂದೊಂದಕ್ಕೂ ಒಂದು ಖಾನೆ. ಈಗ ಕರ್ನಲ್ ಬಸ್ಸಿಗೆ ಹೇಳುತ್ತದೆ, ಬಸ್ಸು ಡ್ರೈವರಿಗೆ. ಡಿ3ಗೆ ಇಳಿಸುವಂಥ ಮಾಮೂಲಿ ಕೆಲಸವನ್ನು ಪಿಸಿಐ ಕೋಡ್ ತಾನೇ ಮಾಡುತ್ತದೆ. ಆ ಸಾಧನಕ್ಕೆ ಮಾತ್ರ ಗೊತ್ತಿರುವ ಕೆಲಸ ಡ್ರೈವರಿನದು.

ಆ ಕೆಲಸದಲ್ಲಿ ಮುಖ್ಯವಾದದ್ದು ನಮಗೆ ಗೊತ್ತಿರುವುದೇ. ಕರೆಂಟು ಹೋದರೆ ಸಾಧನದ ರಿಜಿಸ್ಟರುಗಳಲ್ಲಿದ್ದದ್ದು ಅಳಿಸಿಹೋಗುತ್ತದೆ. ಅದಕ್ಕೆ ಮಲಗುವ ಮುಂಚೆ ಬೇಕಾದದ್ದನ್ನು ಮೆಮೊರಿಯಲ್ಲಿ ಬರೆದಿಡಬೇಕು, ಎದ್ದಮೇಲೆ ತಿರುಗಿ ತುಂಬಬೇಕು. ನಾವು ಲೆಡ್ಜರಿನಲ್ಲಿ ಬ್ಯಾಲೆನ್ಸ್ ಕ್ಯಾರಿಡ್ ಡೌನ್ ಬರೆದು ಮುಂದಿನ ತಿಂಗಳು ಬ್ರಾಟ್ ಡೌನ್ ಮಾಡುವ ಹಾಗೆ. ಕೆಲವು ಲ್ಯಾಪ್‌ಟಾಪ್ ಎದ್ದಮೇಲೆ ಸೌಂಡ್ ಬರದಿರುವುದಕ್ಕೆ ಈ ಓಪನಿಂಗ್ ಬ್ಯಾಲೆನ್ಸ್ ತಪ್ಪಿರುವುದೂ ಒಂದು ಕಾರಣ.

ಇನ್ನು ಸರದಿ. ಡಾಂಗಲ್ ಇರುವುದು ಯುಎಸ್‌ಬಿ ಕಂಟ್ರೋಲರಿನ ಕೆಳಗೆ, ಕಂಟ್ರೋಲರ್ ಪಿಸಿಐ ಕೆಳಗೆ. ಮಲಗುವಾಗ ಮಕ್ಕಳು ಮೊದಲು, ಏಳುವಾಗ ದೊಡ್ಡವರು ಮೊದಲು. (ನಮ್ಮ ಮನೆಯಲ್ಲೂ ಹೀಗೇ, ಸೆಹ್ರಿಗೆ ಅಮ್ಮಿ ಮೊದಲು ಏಳುತ್ತಾರೆ.) ಕಂಟ್ರೋಲರ್ ಮೊದಲು ಮಲಗಿದರೆ ಡಾಂಗಲ್ ಜೊತೆ ಮಾತಾಡಲು ದಾರಿಯೇ ಇರುವುದಿಲ್ಲ.

ಹಾಗಾಗಿ ಒಂದು ಡ್ರೈವರ್ ಎರರ್ ಕೊಟ್ಟರೆ ಕರ್ನಲ್ ಮುಂದೆ ಹೋಗುವುದಿಲ್ಲ. ಅಷ್ಟರಲ್ಲಿ ಮಲಗಿದ್ದವರನ್ನೂ ಎಬ್ಬಿಸಿ, ನಿದ್ದೆಯನ್ನೇ ರದ್ದು ಮಾಡುತ್ತದೆ. ನನ್ನ ಬ್ಯಾಗಿನಲ್ಲಿ ರಾತ್ರಿಯಿಡೀ ಎಚ್ಚರವಾಗಿದ್ದದ್ದು ಇದರಿಂದ.

ಡಾಂಗಲ್ ತೆಗೆದು ಮತ್ತೆ ಮುಚ್ಚಿ ನೋಡಿದೆ. ಬೆಳಿಗ್ಗೆ ಲ್ಯಾಪ್‌ಟಾಪ್ ತಣ್ಣಗಿತ್ತು, ಚಾರ್ಜೂ ಇತ್ತು. ಸೆಮಿನಾರ್ ಮಾತ್ರ ಆಗಲೇ ಮುಗಿದಿತ್ತು.