ರಾಮದೇವರ ಬೆಟ್ಟದ ಜಟಾಯು ಕುಲ

ರಾಮನಗರದ ರಾಮದೇವರ ಬೆಟ್ಟದ ಮೇಲೆ ಶ್ರೀ ಪಟ್ಟಾಭಿರಾಮಸ್ವಾಮಿ ನೆಲೆಸಿದ್ದಾನೆ. ಸುಗ್ರೀವನೇ ಪ್ರತಿಷ್ಠೆ ಮಾಡಿದ ಮೂರ್ತಿ ಎಂಬ ಪ್ರತೀತಿ ಇದೆ. 'ಶೋಲೆ' ಬೆಟ್ಟ ಯಾವುದು ಅಂತ ಕೇಳಿಕೊಂಡು ಬರುವವರೂ ಉಂಟು. ಆ ಚಿತ್ರ ಬಂದದ್ದು 1975ರಲ್ಲಿ. ಬಂಡೆಗಳಿಗಾದರೋ ಸುಮಾರು 250 ಕೋಟಿ ವರ್ಷ!

ಈ ಬಂಡೆಗಳ ಕೊರಕಲಲ್ಲೇ ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುತ್ತದೆ. ಸೀತಾಮಾತೆಗಾಗಿ ಪ್ರಾಣ ಕೊಟ್ಟ ಜಟಾಯುವಿನ ಕುಲ ಅದು. 2012ರಲ್ಲಿ ಸರ್ಕಾರ ಇಲ್ಲಿನ 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ದೇಶದಲ್ಲೇ ಇದು ಮೊದಲನೆಯದು. ಆದರೂ ಈಗ ಉಳಿದಿರುವುದು ಬೆರಳೆಣಿಕೆಯಷ್ಟು.

ದೇಶದೆಲ್ಲೆಡೆ ಈ ಹಕ್ಕಿ ಅಳಿಯಲು ಮುಖ್ಯ ಕಾರಣ ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಔಷಧಿ ಪಡೆದ ದನ ಸತ್ತರೆ, ಅದನ್ನು ತಿಂದ ಹದ್ದು ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಸಾಯುತ್ತೆ. ನೂರಕ್ಕೆ 95ಕ್ಕೂ ಹೆಚ್ಚು ನಾಶವಾದ ಮೇಲೆ, 2006ರಲ್ಲಿ, ದನಗಳಿಗೆ ಅದನ್ನು ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಂತವು. ಹದ್ದಿಗೆ ಮಾಗಡಿ, ಕನಕಪುರ, ಚನ್ನಪಟ್ಟಣ ಎಂಬ ಗಡಿಯಿಲ್ಲ. ಆಹಾರ ಹುಡುಕುತ್ತ ಹತ್ತಾರು ಮೈಲಿ ಹಾರುತ್ತೆ. ಹಸುವಿಗೆ ನೋವು ಬಂದಾಗ ರೈತಾಪಿ ಭಕ್ತರು ಪಶುವೈದ್ಯರ ಹತ್ತಿರ 'ಮೆಲಾಕ್ಸಿಕಾಂ ಆಗುತ್ತಾ ಸಾರ್?' ಅಂತ ಕೇಳಬಹುದು. ಅದರಿಂದ ಹದ್ದಿಗೆ ಅಪಾಯವಿಲ್ಲ.

ಜೋಡಿಯೊಂದು ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ಚಳಿಗಾಲದಲ್ಲಿ. ರಾಮನವಮಿಯ ಹೊತ್ತಿಗೆ ಸಾಮಾನ್ಯವಾಗಿ ಮರಿ ಇನ್ನೂ ಗೂಡಲ್ಲೇ ಇರುತ್ತೆ. ಪಟಾಕಿ, ಸಿಳ್ಳೆ, ಮೈಕು ಬೇಡ. ಬಿಸಿಲೇರಿ ಗಾಳಿ ಕಾದ ಮೇಲೆ ಮೆಟ್ಟಿಲ ಬದಿಯಲ್ಲಿ ಸುಮ್ಮನೆ ಕೂತರೆ, ರೆಕ್ಕೆ ಬಡಿಯದೆ ಬಂಡೆಯ ಮೇಲೆ ಸುತ್ತುವ ಹದ್ದು ಕಂಡರೂ ಕಾಣಬಹುದು.